ಜರ್ಮನಿಯ ಕಾರ್ಖಾನೆಗೆ ಬರುವ ಮೊದಲು

ನಮಸ್ಕಾರ. ಜರ್ಮನಿಯ ಒಂದು ಕಾರ್ಖಾನೆಯಲ್ಲಿ ಆಟೊಮೇಷನ್ ಎಂಜಿನಿಯರ್ ಕೆಲಸ ಸಿಕ್ಕಿದೆ ಎಂದು ಬರೆದಿದ್ದೀರಿ. ಓದಿ ಖುಷಿಯಾಯಿತು. "ರೋಬೋಟ್, ಎಐ ಎಲ್ಲ ಬಂದ ಮೇಲೆ ಅಲ್ಲಿ ನಮ್ಮಂಥವರಿಗೆ ಕೆಲಸ ಉಳಿಯುತ್ತಾ? ಏನು ಕಲಿತು ಬರಲಿ?" ಎಂದು ಕೇಳಿದ್ದೀರಿ. ನಾನು ಇಲ್ಲಿ ಇದೇ ಕೆಲಸದಲ್ಲಿ ಹನ್ನೆರಡು ವರ್ಷ ಕಳೆದಿದ್ದೇನೆ. ಕಂಡದ್ದನ್ನು ಹೇಳುತ್ತೇನೆ.

ಮೆಷಿನ್‌ಗಳನ್ನು ಕಂಪ್ಯೂಟರ್ ಜಾಲಕ್ಕೆ ಜೋಡಿಸಿ ನಡೆಸುವ ಕಾರ್ಖಾನೆಗೆ ಇಟ್ಟ "ಇಂಡಸ್ಟ್ರಿ 4.0" ಎಂಬ ಹೆಸರು ಮೊದಲು ಕೇಳಿಬಂದದ್ದು 2011ರಲ್ಲಿ, ಜರ್ಮನಿಯ ಹ್ಯಾನೋವರ್ ಕೈಗಾರಿಕಾ ಮೇಳದಲ್ಲಿ. ಹಾಗಾಗಿ ಇಲ್ಲಿ ಎಲ್ಲವೂ ಹೊಚ್ಚ ಹೊಸದು ಅಂದುಕೊಂಡು ಬರುವವರು ಜಾಸ್ತಿ. ಒಳಗೆ ಬಂದರೆ ಲೋಹದ ಶೀಟ್ ಒತ್ತುವ ಮೂವತ್ತು ವರ್ಷದ ಪ್ರೆಸ್, ಅದರ ಪಕ್ಕದಲ್ಲೇ ಹೊಸ ರೋಬೋಟ್. ಓಡುವ ಮೆಷಿನ್ನನ್ನು ಇಲ್ಲಿ ಸುಮ್ನೆ ಎಸೆಯುವುದಿಲ್ಲ. ಅದಕ್ಕೆ ಸೆನ್ಸರ್ ಕೂರಿಸುತ್ತಾರೆ. ಪ್ರೊಫಿಬಸ್ ಎಂಬ ಹಳೆಯ ಸಂಪರ್ಕ ಜಾಲದ ಕಾಲದ ಕಂಟ್ರೋಲರ್‌ನಿಂದ ಡೇಟಾ ತೆಗೆದು ಹೊಸ ಸಾಫ್ಟ್‌ವೇರ್‌ಗೆ ಕೊಡುವುದೇ ನಿಮ್ಮ ದಿನದ ಬಹುಪಾಲು ಆದೀತು. ಅಂದ ಹಾಗೆ, ಪಿಎಲ್‌ಸಿಯನ್ನು, ಅಂದರೆ ಮೆಷಿನ್ ನಡೆಸುವ ಕಂಟ್ರೋಲರನ್ನು, ಇಲ್ಲಿ "ಎಸ್-ಪೇ-ಎಸ್" ಎನ್ನುತ್ತಾರೆ. ಮೊದಲ ದಿನವೇ ಕಿವಿಗೆ ಬೀಳುತ್ತದೆ.

ಬೇರಿಂಗ್ ಸವೆಯುತ್ತಾ ಬಂದಂತೆ ಅದರ ಕಂಪನ ಬದಲಾಗುತ್ತದೆ. ಸೆನ್ಸರ್ ಅದನ್ನು ವಾರಗಳ ಮುಂಚೆಯೇ ಹಿಡಿಯಬಲ್ಲದು. ಆದರೆ ಕಂಪನ ಏರಿದ್ದು ಬೇರಿಂಗ್‌ನಿಂದಲೋ, ಅವತ್ತು ಬಂದ ಗಟ್ಟಿ ಶೀಟ್‌ನಿಂದಲೋ? ಎಷ್ಟೋ ಸಲ ಅದನ್ನು ಹೇಳುವವರು ಆ ಮೆಷಿನ್ ಪಕ್ಕ ವರ್ಷಗಟ್ಟಲೆ ನಿಂತವರು.

ಅವರ ಮಾತಿಗೆ ಎಷ್ಟು ಬೆಲೆಯಿದೆ ಎಂದು ನನಗೆ ಮನವರಿಕೆಯಾದದ್ದು ಎರಡನೇ ವರ್ಷದಲ್ಲಿ. ಯಾವ ಮೆಷಿನ್ ಎಷ್ಟು ಹೊತ್ತು ನಿಂತಿತು, ಆಗ ಶಿಫ್ಟ್‌ನಲ್ಲಿ ಯಾರಿದ್ದರು ಎಂದು ತೋರಿಸುವ ಡ್ಯಾಶ್‌ಬೋರ್ಡ್ ಮಾಡಿದ್ದೆ. ಬೆಟ್ರೀಬ್ಸ್‌ರಾಟ್, ಅಂದರೆ ನೌಕರರು ಆರಿಸಿದ ಸಮಿತಿ, ಅದನ್ನು ತಡೆಯಿತು. ನನಗೆ ತುಂಬ ಬೇಸರವಾಯಿತು. ಆಮೇಲೆ ಕಾನೂನು ತಿಳಿಯಿತು. ನೌಕರರ ನಡವಳಿಕೆಯನ್ನೋ ಕೆಲಸವನ್ನೋ ಅಳೆಯಬಲ್ಲ ಯಾವ ತಾಂತ್ರಿಕ ವ್ಯವಸ್ಥೆ ತರುವುದಿದ್ದರೂ ಈ ಸಮಿತಿಯ ಒಪ್ಪಿಗೆ ಬೇಕು. ಇಂಥ ಸಮಿತಿಗಳ ಬಗೆಗಿನ 1972ರ ಕಾಯ್ದೆಯ 87ನೇ ಕಲಮಿನಲ್ಲಿ ಇದಿದೆ. ಹೆಸರುಗಳನ್ನು ತೆಗೆದೆವು, ಮೆಷಿನ್ ಮಾತ್ರ ಉಳಿಯಿತು. ಆಗ ಆದದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಅಲ್ಲಿಯವರೆಗೆ ಮೆಷಿನ್ ನಿಂತಾಗೆಲ್ಲ "ಇತರೆ ಕಾರಣ" ಎಂದು ಒತ್ತಿ ಸುಮ್ಮನಾಗುತ್ತಿದ್ದ ಆಪರೇಟರ್‌ಗಳು ನಿಜವಾದ ಕಾರಣ ಬರೆಯತೊಡಗಿದರು. ಡೇಟಾ ಸರಿಯಾಯಿತು. ಭಯವಿದ್ದ ಕಡೆ ಎಂಥ ಎಐ ತಂದರೂ ಅದಕ್ಕೆ ಸಿಗುವುದು ತಪ್ಪು ಡೇಟಾವೇ, ಅಲ್ವಾ?

ಈಗ ಕೆಲಸದ ಮಾತು. ಅಂತರರಾಷ್ಟ್ರೀಯ ರೋಬೋಟಿಕ್ಸ್ ಒಕ್ಕೂಟದ ಲೆಕ್ಕದಲ್ಲಿ, 2023ರಲ್ಲಿ ಇಲ್ಲಿನ ಕಾರ್ಖಾನೆಗಳಲ್ಲಿ ಪ್ರತಿ 10,000 ನೌಕರರಿಗೆ 429 ರೋಬೋಟ್‌ಗಳಿದ್ದವು. ಇಷ್ಟಿದ್ದೂ ಅವನ್ನು ನಡೆಸುವ, ರಿಪೇರಿ ಮಾಡುವ ಜನ ಸಾಕಷ್ಟು ಸಿಗುತ್ತಿಲ್ಲ. ಹಾಗಂತ ಸುಳ್ಳು ಧೈರ್ಯ ಹೇಳಲಾರೆ. ಕಾರು ಉದ್ಯಮ ಕಷ್ಟದಲ್ಲಿದೆ. 2030ರೊಳಗೆ ಜರ್ಮನಿಯಲ್ಲಿ 35,000ಕ್ಕೂ ಹೆಚ್ಚು ಹುದ್ದೆ ಕಡಿಮೆ ಮಾಡಲು ಫೋಕ್ಸ್‌ವ್ಯಾಗನ್ ಮತ್ತು ಅಲ್ಲಿನ ಕಾರ್ಮಿಕ ಸಂಘ 2024ರ ಡಿಸೆಂಬರ್‌ನಲ್ಲಿ ಒಪ್ಪಂದ ಮಾಡಿಕೊಂಡವು. ಅದಕ್ಕೆ ರೋಬೋಟನ್ನೇ ದೂರಿದರೆ ತಪ್ಪಾಗುತ್ತದೆ. ಕಾರಿಗೆ ಬೇಡಿಕೆ ಇಳಿದಿದೆ, ಚೀನಾದ ಪೈಪೋಟಿ ಇದೆ. ಎಲೆಕ್ಟ್ರಿಕ್ ಮೋಟಾರಿಗೆ ಹಳೆಯ ಎಂಜಿನ್ನಿನಷ್ಟು ಬಿಡಿಭಾಗಗಳೂ ಬೇಡ. ನಿಮ್ಮ ಕಂಪನಿ ಎಂಜಿನ್ ಅಥವಾ ಗೇರ್‌ಬಾಕ್ಸ್ ಭಾಗ ಮಾಡುವುದಾದರೆ, ಮುಂದಿನ ಐದು ವರ್ಷ ಏನು ಮಾಡಲಿದೆ ಎಂದು ಸಹಿ ಹಾಕುವ ಮೊದಲೇ ಕೇಳಿ. ಸಂಕೋಚ ಬೇಡ.

ಕಲಿಯುವುದರಲ್ಲಿ ಜರ್ಮನ್ ಭಾಷೆಗೇ ಮೊದಲ ಜಾಗ ಕೊಡಿ. ಆಫೀಸಿನಲ್ಲಿ ಇಂಗ್ಲಿಷ್ ನಡೆದೀತು, ಮೆಷಿನ್ ಹತ್ತಿರ ನಡೆಯುವುದು ಕಷ್ಟ. ಬ್ಲೂ ಕಾರ್ಡ್‌ನಲ್ಲಿ, ಅಂದರೆ ಓದಿದ ಪರಿಣತರಿಗೆ ಕೊಡುವ ವಾಸದ ಪರವಾನಗಿಯಲ್ಲಿ, ಬರುವವರಿಗೆ ಬಿ1 ಎಂಬ ಮಧ್ಯಮ ಮಟ್ಟದ ಜರ್ಮನ್ ಇದ್ದರೆ 21 ತಿಂಗಳಿಗೇ ಶಾಶ್ವತ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಆರಂಭದ ಮಟ್ಟವಾದ ಎ1 ಮಾತ್ರ ಇದ್ದರೆ 27 ತಿಂಗಳು. ಪೈಥಾನ್ ನಿಮಗೆ ಬರುತ್ತದೆ ಎಂದಿದ್ದೀರಿ, ಒಳ್ಳೆಯದು. ಅದರ ಜೊತೆ ಪಿಎಲ್‌ಸಿಗೆ ಪ್ರೋಗ್ರಾಂ ಬರೆಯುವ ಸೀಮೆನ್ಸ್‌ನ ಸಾಫ್ಟ್‌ವೇರ್ ಟಿಯಾ ಪೋರ್ಟಲ್‌ನಲ್ಲಿ ಸ್ವಲ್ಪ ಕೈಯಾಡಿಸಿ.

ಬಂದ ಮೊದಲ ವಾರವೇ ನಿಮ್ಮ ಮೇಲಧಿಕಾರಿಯ ಹತ್ತಿರ ಕೇಳಿಕೊಂಡು ಬೆಳಗಿನ ಶಿಫ್ಟ್‌ನಲ್ಲಿ ಒಬ್ಬ ಆಪರೇಟರ್ ಜೊತೆ ನಿಂತುಕೊಳ್ಳಿ. ಲ್ಯಾಪ್‌ಟಾಪ್ ಬೇಡ, ಸೇಫ್ಟಿ ಶೂ ಮತ್ತು ಒಂದು ನೋಟ್‌ಬುಕ್ ಸಾಕು. ನಿಮಗೆ ಯಾವ ಲೈನ್ ಕೊಡುತ್ತಾರೆ ಎಂದು ಗೊತ್ತಾದ ಮೇಲೆ ನನಗೆ ಬರೆಯಿರಿ. ಅಲ್ಲಿ ಯಾವ ಪದಗಳು ಜಾಸ್ತಿ ಓಡಾಡುತ್ತವೆ ಎಂದು ಬರೆದು ಕಳಿಸುತ್ತೇನೆ.