ಬಿಟ್ಟು ಬಂದ ಚಿತ್ರಗಳ ಬಗ್ಗೆ ಕೇಳಿದಿರಲ್ಲ

ನನ್ನ ಹಾಗೇ ದೇಶ ಬಿಟ್ಟು ಬಂದ ನೀವು ಹೆಚ್ಚಾಗಿ ಕೇಳಿದ್ದು ಮನೆ, ಕೆಲಸ, ಭಾಷೆಯ ಬಗ್ಗೆ. ಕೊನೆಯಲ್ಲಿ ಮಾತ್ರ, ‘ಅಲ್ಲಿ ಗ್ಯಾಲರಿಯವರ ಹತ್ತಿರ ನಾನು ಬಿಡಿಸಿದ ಮೂವತ್ತು ಚಿತ್ರ ಬಿಟ್ಟು ಓಡಿ ಬಂದೆ, ಗಲಾಟೆ ತಣ್ಣಗಾದ ಮೇಲೆ ತರಿಸಿಕೊಳ್ಳಬಹುದಾ’ ಅಂದಿರಿ. ಮನೆ, ಕೆಲಸ ಹೇಗೋ ಆಗುತ್ತವೆ. ಚಿತ್ರಗಳ ಕೆಲಸಕ್ಕೆ ಇವತ್ತೇ ಕೂತುಕೊಳ್ಳಿ.

ತಣ್ಣಗಾಗಲಿ ಅಂತ ನಾನೂ ಆರು ವರ್ಷ ಕಾದೆ. ಅಷ್ಟರಲ್ಲಿ ನನ್ನ ಚಿತ್ರಗಳಿದ್ದ ಗ್ಯಾಲರಿ ಕೈ ಬದಲಾಯಿತು. ಹೊಸಬರು, ‘ಇವು ಜಾಗದ ಜೊತೆಗೇ ಬಂದವು, ನಿಮ್ಮವು ಅನ್ನೋದಕ್ಕೆ ಏನಿದೆ’ ಅಂದರು. ಏನಿತ್ತು? ಬಾಯಿಮಾತು. ನಾನು ಬಿಟ್ಟು ಬಂದ ಹನ್ನೊಂದರಲ್ಲಿ ನಾಲ್ಕು ಸಿಕ್ಕವು. ಚಿತ್ರಗಳ ಬೆನ್ನಿಗೆ ಅಂಟಿಸಿದ್ದ ಚೀಟಿ ಕಿತ್ತುಹಾಕಿದ್ದರು, ಅಂಟಿನ ಕಲೆ ಮಾತ್ರ ಉಳಿದಿತ್ತು. ಕ್ಯಾನ್ವಾಸಿನ ಮಡಿಕೆಯೊಳಗೆ ಸುಮ್ನೆ ಪೆನ್ಸಿಲಿನಲ್ಲಿ ಹೆಸರು, ತಾರೀಕು ಬರೆಯುವ ಚಾಳಿ ನನಗಿತ್ತು. ಆ ನಾಲ್ಕರಲ್ಲಿ ಅದು ಅಳಿಸಿರಲಿಲ್ಲ, ಅಷ್ಟೇ.

ದೊಡ್ಡವರನ್ನೂ ಇದು ಬಿಟ್ಟಿಲ್ಲ. ಹೆಸರಾಂತ ಚಿತ್ರಕಾರ ಮಾರ್ಕ್ ಶಗಾಲ್ 1914ರಲ್ಲಿ ಬರ್ಲಿನ್ನಿನ ಗ್ಯಾಲರಿಯೊಂದರಲ್ಲಿ ಚಿತ್ರಗಳನ್ನಿಟ್ಟು, ಸ್ವಲ್ಪ ದಿನಕ್ಕೆಂದು ಆಗ ರಷ್ಯಾದಲ್ಲಿದ್ದ ತನ್ನೂರು ವಿತೆಬ್ಸ್ಕ್‌ಗೆ ಹೋದ. ಮೊದಲ ಮಹಾಯುದ್ಧ ಶುರುವಾಯಿತು. ಬರ್ಲಿನ್‌ಗೆ ಮರಳಿದ್ದು 1922ರಲ್ಲಿ. ಚಿತ್ರಗಳು ಮಾರಾಟವಾಗಿದ್ದವು. ದುಡ್ಡು ಎತ್ತಿಟ್ಟಿದ್ದರಂತೆ, ಆದರೆ ಜರ್ಮನಿಯ ಹಣ ‘ಮಾರ್ಕ್’ನ ಬೆಲೆ ನೆಲ ಕಚ್ಚಿತ್ತು. ಕೋರ್ಟಿಗೆ ಹೋದರೂ ಕೆಲವೇ ಚಿತ್ರಗಳು ಸಿಕ್ಕವು. ಬರ್ಲಿನ್‌ಗೆ ಹೊರಡುವಾಗ ಪ್ಯಾರಿಸ್ಸಿನ ತನ್ನ ಸ್ಟುಡಿಯೊ ಬಾಗಿಲನ್ನು ತಂತಿ ಬಿಗಿದು ಬಿಟ್ಟು ಹೋಗಿದ್ದ. 1923ರಲ್ಲಿ ನೋಡಿದರೆ ಅಲ್ಲೂ ಖಾಲಿ. ಬೀಗ ಕೂಡ ಅಲ್ಲ, ತಂತಿ! ನಂಬಿಕೆ ಅಂದರೆ ಹಾಗೇ ಅಲ್ವಾ.

ಗ್ಯಾಲರಿಯವರಿಗೆ ಇನ್ನೂ ನಿಮ್ಮ ಮೇಲೆ ಪ್ರೀತಿ ಇರುವಾಗಲೇ ಒಂದು ಪತ್ರ ಬರೆಸಿಕೊಳ್ಳಿ. ಈ ಮೂವತ್ತು ಚಿತ್ರ ಇಂಥವರವು, ಕೊಂಡದ್ದಲ್ಲ, ಇಟ್ಟುಕೊಂಡಿರುವುದು ಅಂತ. ಒಂದೊಂದರ ಅಳತೆ, ಹಿಂದೆ ಮುಂದೆ ಎರಡೂ ಕಡೆಯ ಫೋಟೊ ಜೊತೆಗಿರಲಿ. ಅಲ್ಲಿ ನಂಬುವ ಒಬ್ಬರಿಗೆ ಪವರ್ ಆಫ್ ಅಟಾರ್ನಿ, ಅಂದರೆ ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಕೊಡಿ. ವಕೀಲರ ಹತ್ತಿರ ದಾವೆ ಹೂಡಲು ಕಾಲಮಿತಿ ಎಷ್ಟು ಅಂತ ಮೊದಲೇ ಕೇಳಿ. ಎಷ್ಟೋ ಕಡೆ ವರ್ಷಗಳು ಕಳೆದರೆ ದಾವೆಯೇ ನಿಲ್ಲುವುದಿಲ್ಲ. ನೀವೇ ಮಾರಿದ ಚಿತ್ರಗಳನ್ನು ಕೇಳಬೇಡಿ, ಸಮಯ ಹಾಳು. ಬರೆದುಕೊಟ್ಟಿರದಿದ್ದರೆ ಅವುಗಳ ಕಾಪಿರೈಟ್ ಸಾಮಾನ್ಯವಾಗಿ ನಿಮ್ಮದೇ, ಅದು ಬೇರೆ ಮಾತು.

ಇನ್ನೊಂದು. ಕಳಿಸುವವರು ಚೌಕಟ್ಟಿನಿಂದ ಬಿಚ್ಚಿ ಸುರುಳಿ ಸುತ್ತುತ್ತಾರೆ. ಬಣ್ಣದ ಮುಖ ಹೊರಗಿರಲಿ, ಸುತ್ತುವ ಕೊಳವೆ ದಪ್ಪಗಿರಲಿ ಅಂತ ಒತ್ತಿ ಹೇಳಿ. ನನ್ನವನ್ನು ಬಣ್ಣ ಒಳಗೆ ಹಾಕಿ ಬಿಗಿಯಾಗಿ ಸುತ್ತಿದ್ದರು. ಬಿಚ್ಚುತ್ತಿದ್ದಂತೆ ನೀಲಿ ಚಕ್ಕೆಗಳು ನೆಲಕ್ಕೆ ಉದುರಿದವು. ಗುಡಿಸಿ ಬಿಸಾಡಲು ಮನಸ್ಸಾಗಲಿಲ್ಲ, ಒಂದು ಬಾಟಲಿಗೆ ತುಂಬಿಟ್ಟಿದ್ದೇನೆ.