ಜಿಂಕೆ ಬೇಟೆಗೆ ಸ್ವಂತ ತೋಟೆ: ಓಹಾಯೊಗೆ ಹೊಸದಾಗಿ ಬಂದ ತಮ್ಮನಿಗೆ

ತಮ್ಮಾ,

ನೀನು ಬರೆದದ್ದು ಓದಿದೆ. ಕೊಲಂಬಸ್‌ಗೆ ಬಂದು ಎಂಟು ತಿಂಗಳು. ಎಚ್-1ಬಿ ವೀಸಾ. ಆಫೀಸಿನ ಗೆಳೆಯ ಈ ಸಲ ಜಿಂಕೆ ಬೇಟೆಗೆ ಬಾ ಅಂತ ಕರೆಯುತ್ತಿದ್ದಾನೆ. ಅವನು ಶಾಟ್‌ಗನ್ನಿನ ಸ್ಲಗ್ ತೋಟೆಗಳನ್ನು (ಚರೆಯ ಬದಲು ಒಂದೇ ದಪ್ಪ ಗುಂಡಿರುವವು) ಮನೆಯಲ್ಲೇ ತುಂಬುತ್ತಾನಂತೆ, ಗುರಿಯೂ ಚೆನ್ನಾಗಿ ಕೂರುತ್ತದೆ, ಖರ್ಚೂ ಕಡಿಮೆ ಅಂತಾನಂತೆ. "ಅಣ್ಣಾ, ನಾನೂ ತುಂಬೋದು ಕಲಿಯಲಾ? ಕೊಡಗಿನ ನಮ್ಮನೆಯಲ್ಲಿ ಕೋವಿ ಇದ್ದೇ ಇದೆ, ನನಗೇನು ಹೊಸತಲ್ಲ" ಅಂತ ಕೇಳಿದ್ದೀಯ.

ಕಲಿ. ಆದರೆ ತೋಟೆ ತುಂಬೋದು ಕೊನೆಯ ಕೆಲಸ. ಅದಕ್ಕೆ ಮುಂಚೆ ಆಗಬೇಕಾದ್ದು ನಾಲ್ಕಾರು ಇವೆ. ಮೊದಲನೆಯದು ಕಾಗದಪತ್ರ.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯದ ಜಮೀನು ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಡ. ಆ ವಿನಾಯಿತಿಯನ್ನು 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದರು. ಕೈಲ್ ಮುಹೂರ್ತದ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡಿದ ಮನೆಯವನು ನೀನು. ಆದರೆ ಇಲ್ಲಿ ನೀನು ವೀಸಾದ ಮೇಲೆ ಬಂದವನು. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ನಿನ್ನಂಥ ವೀಸಾದವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಕೆಲವು ವಿನಾಯಿತಿಗಳಿವೆ. ನಿನಗೆ ಅನ್ವಯಿಸುವುದು ಒಂದು: ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ನಿನ್ನ ಹತ್ತಿರ ಇರಬೇಕು. ಅದು ಬರುವ ತನಕ ಗೆಳೆಯನ ಬಂದೂಕನ್ನು ರೇಂಜಿನಲ್ಲಿ, ಅಂದರೆ ಗುರಿ ಅಭ್ಯಾಸದ ಜಾಗದಲ್ಲಿ, ಸುಮ್ನೆ ಒಂದು ಸಲ ಹಿಡಿದು ನೋಡುವುದೂ ಬೇಡ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಆ ಕಾನೂನಿನಲ್ಲಿ ತೋಟೆ ಅಂದರೆ ತುಂಬಿದ ತೋಟೆ ಮಾತ್ರ ಅಲ್ಲ. ಲೋಹದ ಖಾಲಿ ಕೇಸು (ತೋಟೆಯ ಹೊರಗಿನ ಕೊಳವೆ), ಪ್ರೈಮರು (ಪುಡಿಗೆ ಕಿಡಿ ಹಚ್ಚುವ ಪುಟ್ಟ ಬಿಲ್ಲೆ), ಗುಂಡು, ಸಿಡಿಮದ್ದಿನ ಪುಡಿ, ಎಲ್ಲವೂ ಆ ಹೆಸರಿನಲ್ಲೇ ಬರುತ್ತವೆ. ಹಾಗಾಗಿ "ಬಂದೂಕು ಆಮೇಲೆ, ತುಂಬುವ ಸಾಮಾನು ಈಗಲೇ" ಅನ್ನುವ ಲೆಕ್ಕ ನಡೆಯುವುದಿಲ್ಲ. ಸ್ವಂತಕ್ಕೆ ತುಂಬಿಕೊಳ್ಳಲು ಬೇರೆ ಪರವಾನಗಿ ಬೇಡ, ಮಾರಲು ಮಾತ್ರ ಬೇಕು. ವೀಸಾ ವಿಚಾರದಲ್ಲಿ ಎಲ್ಲಾದರೂ ಅನುಮಾನ ಇದ್ದರೆ ವಕೀಲರಿಗೆ ಒಂದು ಗಂಟೆಯ ಫೀಸು ಕೊಟ್ಟು ಕೇಳು. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತವನು ಅಷ್ಟು ಖರ್ಚು ಮಾಡಲೇಬೇಕು.

ಮೊದಲ ಲೈಸೆನ್ಸಿಗೆ ಹಂಟರ್ ಎಜುಕೇಶನ್ ಕೋರ್ಸ್ ಮಾಡಿಬಿಡು. ಓಹಾಯೊಗೆ ಬಂದು ಆರು ತಿಂಗಳು ದಾಟಿದೆ, ಅಂದಮೇಲೆ ಇಲ್ಲಿನವರ ದರದಲ್ಲೇ ಸಿಗುತ್ತದೆ. ಜಿಂಕೆಗೆ ಬೇರೆ ಪರ್ಮಿಟ್ ತೆಗೆದುಕೊಳ್ಳಬೇಕು. ಖಾಸಗಿ ಜಮೀನಿಗೆ ಕಾಲಿಡುವ ಮುಂಚೆ ರೈತನ ಅನುಮತಿ ಬರಹದಲ್ಲಿ ಬೇಕು. ಮೈಮೇಲೆ ಕಿತ್ತಳೆ ಬಣ್ಣದ ಜಾಕೆಟ್ ಇರಲೇಬೇಕು.

ಇನ್ನು ಇಲ್ಲಿ ಸ್ಲಗ್ ಯಾಕೆ ಅಂತ. ನನ್ನ ಊರು ಕೊಪ್ಪದ ಕಡೆ. ಅಪ್ಪನಿಗೆ ಬೆಳೆ ಕಾಯಲು ತೋಟಾ ಕೋವಿಯ ಲೈಸೆನ್ಸ್ ಇತ್ತು. ಎಲ್‌ಜಿ ತೋಟೆ (ದಪ್ಪ ಚರೆಯದ್ದು) ಹಾಕಿ ಹಂದಿ ಹೆದರಿಸುತ್ತಿದ್ದರು. ಆ ಅಭ್ಯಾಸ ಇಲ್ಲಿ ಆಗಿಬರುವುದಿಲ್ಲ. ಓಹಾಯೊದಲ್ಲಿ ಜಿಂಕೆಗೆ ಶಾಟ್‌ಗನ್ನಿನಿಂದ ಒಂದೇ ಗುಂಡು ಹೊಡೆಯಬೇಕು, ಚರೆ ಹಾಕುವ ಹಾಗಿಲ್ಲ. ಬಂದೂಕಿನಲ್ಲಿ ಮೂರು ತೋಟೆಗಿಂತ ಜಾಸ್ತಿ ಇರುವಂತಿಲ್ಲ. ಇಲ್ಲಿನ ನೆಲ ನೋಡಿದ್ದೀಯಲ್ಲ, ಹಲಗೆಯ ಹಾಗೆ ಸಮತಟ್ಟು. ಜೋಳದ ಹೊಲ, ಅದರಾಚೆ ಮನೆ, ಅದರಾಚೆ ರಸ್ತೆ. ರೈಫಲ್ಲಿನ ಗುಂಡು ಗುರಿ ತಪ್ಪಿದರೆ ಎಷ್ಟೋ ದೂರ ಹೋಗುತ್ತದೆ. ಒಂದು ಔನ್ಸಿನ ಸ್ಲಗ್ ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 1600 ಅಡಿ ವೇಗದಲ್ಲಿದ್ದರೂ 100 ಗಜ ಹೋಗುವಷ್ಟರಲ್ಲಿ ಸಾವಿರದ ಆಸುಪಾಸಿಗೆ ಇಳಿದಿರುತ್ತದೆ. 2014ರಿಂದ ನೇರ ಗೋಡೆಯ ಕೇಸಿರುವ ಕೆಲವು ರೈಫಲ್ ತೋಟೆಗಳಿಗೂ ಒಪ್ಪಿಗೆ ಇದೆ. ತುಂಬಾ ಜನ ಅದಕ್ಕೆ ಹೋದರು. ನಾನು ಹೋಗಲಿಲ್ಲ.

2009ರ ಮಾತು. ಥ್ಯಾಂಕ್ಸ್‌ಗಿವಿಂಗ್ ಆದ ಸೋಮವಾರ ಬಂದೂಕಿನ ವಾರ ಶುರುವಾಗುತ್ತದೆ. ಅದು ನನ್ನ ಎರಡನೇ ವರ್ಷ. ಒಳಗೆ ಗೆರೆಯಿಲ್ಲದ ನಯ ನಳಿಗೆಯ ಟ್ವೆಲ್ವ್ ಬೋರ್ ಶಾಟ್‌ಗನ್, ಜೇಬಿನಲ್ಲಿ ಎರಡು ಮೂರು ಕಂಪನಿಯ ತೋಟೆ ಕಲಸಿಹೋಗಿದ್ದವು. ಸಂಜೆ, ಹೊತ್ತು ಇಳಿಯುತ್ತಿತ್ತು. 90 ಹೆಜ್ಜೆ ದೂರದಲ್ಲಿ ಒಂದು ಹೆಣ್ಣು ಜಿಂಕೆ. ಆ ದೂರಕ್ಕೆ ನಾನು ಒಂದು ಸಲವೂ ಹಾಳೆಯ ಮೇಲೆ ಹೊಡೆದು ನೋಡಿರಲಿಲ್ಲ. ಆದರೂ ಹೊಡೆದೆ. ಗುಂಡು ಹಿಂದಕ್ಕೆ, ಹೊಟ್ಟೆಗೆ ಬಿತ್ತು. ಜಮೀನಿನ ಯಜಮಾನರು ಎಪ್ಪತ್ತು ದಾಟಿದವರು, ಟಾರ್ಚ್ ಹಿಡಿದು ರಾತ್ರಿ ಹತ್ತರ ತನಕ ನನ್ನ ಜೊತೆ ರಕ್ತದ ಜಾಡು ಹುಡುಕಿದರು. ಸಿಗಲಿಲ್ಲ. ಬೆಳಿಗ್ಗೆ ಹಳ್ಳದ ಹತ್ತಿರ ಸಿಕ್ಕಿತು, ಅಷ್ಟರಲ್ಲಿ ಕಯೋಟಿಗಳು (ಇಲ್ಲಿನ ನರಿ-ತೋಳದಂಥ ಪ್ರಾಣಿ) ತಿಂದಿದ್ದವು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಆ ಚಳಿಗಾಲವೇ ನಾನು ಸ್ಲಗ್ ಎರಕದ ಅಚ್ಚು ಮತ್ತು ತೋಟೆ ತುಂಬುವ ಪ್ರೆಸ್ ತಂದೆ.

ಆಗ ಕಲಿತದ್ದನ್ನು ಹೇಳುತ್ತೇನೆ. ಸ್ಲಗ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಕಾರ್ಲ್ ಫಾಸ್ಟರ್ 1931ರಲ್ಲಿ ರೂಪಿಸಿದ್ದು ಹಿಂಬದಿ ಟೊಳ್ಳಾಗಿರುವ ಸೀಸದ ತುಂಡು. ಭಾರವೆಲ್ಲ ಮೂತಿಯಲ್ಲಿರುವುದರಿಂದ ಶಟಲ್‌ಕಾಕ್ ಹಾಗೆ ಮೂತಿ ಮುಂದಾಗಿಯೇ ಹಾರುತ್ತದೆ. ಅದರ ಮೈಮೇಲಿನ ಓರೆ ಗೆರೆಗಳಿಂದಲೇ ಅದು ತಿರುಗುತ್ತದೆ ಅಂತ ಹಲವರು ನಂಬಿದ್ದಾರೆ. ನಿಜವಾಗಿ ಆ ಗೆರೆಗಳ ಕೆಲಸ ಬೇರೆ, ನಳಿಗೆಯ ಕಿರಿದಾದ ಬಾಯಲ್ಲಿ ಸೀಸ ಒತ್ತಿಕೊಂಡು ಸಲೀಸಾಗಿ ಹೊರಬರಲು ಜಾಗ ಕೊಡುವುದು. ಇದು ನಯ ನಳಿಗೆಗೆ. ಇನ್ನೊಂದು ಸ್ಯಾಬಟ್. ಸಣ್ಣ ಗುಂಡಿಗೆ ಪ್ಲಾಸ್ಟಿಕ್ ಕವಚ ಹಾಕಿರುತ್ತಾರೆ. ಒಳಗೆ ತಿರುಪಿನ ಗೆರೆ ಕೊರೆದ ನಳಿಗೆಯಲ್ಲಿ ಅದು ಗಿರಗಿರ ತಿರುಗಿ, ಹೊರಬಂದ ಮೇಲೆ ಕವಚ ಕಳಚಿ ಬೀಳುತ್ತದೆ. ಇದನ್ನು ನಯ ನಳಿಗೆಯಲ್ಲಿ ಹೊಡೆದರೆ ದುಡ್ಡು ದಂಡ.

ನಾನು ತುಂಬುವುದು ಲೀ ಕಂಪನಿಯ ಅಚ್ಚಿನಲ್ಲಿ ಎರಕ ಹೊಯ್ದ ಒಂದು ಔನ್ಸಿನ ಸ್ಲಗ್. ತೋಟೆಯ ತೂಕ ಅಳೆಯುವ ಗ್ರೇನ್ ಲೆಕ್ಕದಲ್ಲಿ ಅದು 437.5 ಗ್ರೇನ್. ಚರೆ ತುಂಬುವ ಮಾಮೂಲಿ ಪ್ಲಾಸ್ಟಿಕ್ ವ್ಯಾಡಿನೊಳಗೇ (ಪುಡಿಗೂ ಚರೆಗೂ ನಡುವೆ ಇಡುವ ಬಟ್ಟಲು) ಅದು ಕೂರುತ್ತದೆ. ಟೊಳ್ಳಿನೊಳಗೆ ಒಂದು ಅಡ್ಡ ಪಟ್ಟಿ ಇದೆ. ಗೆರೆ ಕೊರೆದ ನಳಿಗೆಯಲ್ಲಿ ವ್ಯಾಡ್ ತಿರುಗಿದಾಗ ಆ ಪಟ್ಟಿ ಸಿಕ್ಕಿಕೊಂಡು ಸ್ಲಗ್ಗೂ ಜೊತೆಗೇ ತಿರುಗುತ್ತದೆ.

ಗುರಿ ಕೂರುವುದು ಒಂದರ ಹಾಗೆ ಇನ್ನೊಂದಿದ್ದರೆ ಮಾತ್ರ. ಮೆತ್ತನೆ ಸೀಸ ಬೇಕು. ಕಾರಿನ ಚಕ್ರಕ್ಕೆ ಸಮತೋಲನಕ್ಕಾಗಿ ಹಾಕುವ ಹಳೆಯ ತೂಕದ ತುಂಡುಗಳನ್ನು ಕರಗಿಸಿದರೆ ಗಡುಸಾಗುತ್ತದೆ, ಒಳಗೆ ಸತು ಸೇರಿಕೊಂಡಿದ್ದರೆ ಎರಕವೇ ಕೆಡುತ್ತದೆ. ಅಚ್ಚು ತಣ್ಣಗಿದ್ದರೆ ಸ್ಲಗ್ ಮೈ ಸುಕ್ಕಾಗುತ್ತದೆ. ಮೊದಲ ಏಳೆಂಟನ್ನು ನಾನು ನೋಡುವುದೂ ಇಲ್ಲ, ವಾಪಸ್ ಪಾತ್ರೆಗೆ. ಉಳಿದವನ್ನು ಒಂದೊಂದಾಗಿ ತೂಗುತ್ತೇನೆ. ಎರಡು ಮೂರು ಗ್ರೇನ್ ಆಚೀಚೆ ಆದದ್ದು ಅಭ್ಯಾಸಕ್ಕೆ, ಸಮ ಇರುವುದು ಬೇಟೆಗೆ. ಟೊಳ್ಳಿನ ಕೆಳಗೆ ಗಟ್ಟಿ ಕಾರ್ಡಿನ ಬಿಲ್ಲೆ ಇಟ್ಟ ಮೇಲೆ ಹಾಳೆಯ ಮೇಲೆ ನನ್ನ ಗುಂಡುಗಳು ಬೀಳುವ ಗುಂಪು ಎದ್ದುಕಾಣುವಷ್ಟು ಚಿಕ್ಕದಾಯಿತು. ಮುಂಚೆ ಸ್ಫೋಟದ ಒತ್ತಡಕ್ಕೆ ವ್ಯಾಡಿನ ತಳವೇ ಟೊಳ್ಳಿನೊಳಕ್ಕೆ ನುಗ್ಗುತ್ತಿತ್ತು. ತೋಟೆಯ ಬಾಯಿ ಮಡಿಸುವುದೂ ಪ್ರತಿ ಸಲ ಒಂದೇ ಬಿಗಿ ಇರಬೇಕು.

ಪುಡಿಯ ವಿಷಯದಲ್ಲಿ ನನ್ನನ್ನೂ ಕೇಳಬೇಡ, ಗೆಳೆಯನನ್ನೂ ಕೇಳಬೇಡ. ಪುಡಿ ತಯಾರಿಸುವ ಕಂಪನಿಗಳು ಪರೀಕ್ಷೆ ಮಾಡಿದ ಪಟ್ಟಿ ಕೊಡುತ್ತವೆ. ಅದರಲ್ಲಿ ಕೇಸು, ಪ್ರೈಮರು, ವ್ಯಾಡು, ಸ್ಲಗ್ಗು, ಪುಡಿಯ ತೂಕ, ಐದೂ ಸೇರಿ ಒಂದು ಲೆಕ್ಕ. ಪ್ರೈಮರ್ ಖಾಲಿ ಆಯ್ತು ಅಂತ ಬೇರೆ ಕಂಪನಿಯದ್ದು ಹಾಕಿದರೂ ಒತ್ತಡ ಏರಬಹುದು. ಟ್ವೆಲ್ವ್ ಬೋರಿನ ಮಾಮೂಲಿ ತೋಟೆಗೆ ಒತ್ತಡದ ಮಿತಿ 11,500 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಇಂದಿನ ಹಲವು ರೈಫಲ್‌ಗಳು 60,000 ತಡೆಯುತ್ತವೆ. ಶಾಟ್‌ಗನ್ನಿನ ನಳಿಗೆ ಎಷ್ಟು ತೆಳು ಅಂತ ಇದರಲ್ಲೇ ಗೊತ್ತಾಗುತ್ತದೆ ಅಲ್ವಾ? ಮೇಜಿನ ಮೇಲೆ ಒಂದೇ ಡಬ್ಬಿ ಪುಡಿ ಇರಲಿ. ಫೋನು ಇನ್ನೊಂದು ಕೋಣೆಯಲ್ಲಿರಲಿ.

ಸೀಸದ ಹೊಗೆ ಮತ್ತು ಧೂಳು ವಿಷ. ನಿನಗೆ ಎರಡು ವರ್ಷದ ಮಗು ಇದೆ ಅಂದಿದ್ದೀಯ. ಅಪಾರ್ಟ್‌ಮೆಂಟಿನ ಅಡುಗೆ ಒಲೆಯ ಮೇಲೆ ಸೀಸ ಕರಗಿಸುವ ಯೋಚನೆಯೇ ಬೇಡ. ನಾನು ಮಾಡುವುದು ಮನೆಯ ಹಿಂದೆ, ಬಯಲಲ್ಲಿ. ಒಂದು ಹನಿ ನೀರು ಬಿದ್ದರೆ ಕಾದ ಸೀಸ ಮುಖಕ್ಕೆ ಸಿಡಿಯುತ್ತದೆ, ಅದಕ್ಕೇ ಮೋಡ ಇದ್ದ ದಿನ ಒಲೆ ಹಚ್ಚುವುದಿಲ್ಲ. ಆ ಬಟ್ಟೆ ಬೇರೆಯಾಗಿ ಒಗೆಯುತ್ತೇನೆ. ನಿನಗೆ ಸ್ವಂತ ಮನೆ ಆಗುವ ತನಕ ಎರಕದ ಕೆಲಸಕ್ಕೆ ನನ್ನಲ್ಲಿಗೇ ಬಾ.

ಉಳಿತಾಯ ಆಗುತ್ತೆ ಅಂತ ಶುರು ಮಾಡಬೇಡ. ವರ್ಷಕ್ಕೆ ಎರಡು ಡಬ್ಬಿ ತೋಟೆ ಹೊಡೆಯುವವನಿಗೆ ಪ್ರೆಸ್, ಅಚ್ಚು, ತಕ್ಕಡಿಯ ದುಡ್ಡು ಬೇಗ ಹುಟ್ಟುವುದಿಲ್ಲ. ಲಾಭ ಬೇರೆ ಕಡೆ ಇದೆ. ಅಗ್ಗವಾದ್ದರಿಂದ ವರ್ಷವಿಡೀ ಅಭ್ಯಾಸ ಮಾಡುತ್ತೀಯ, ನಿನ್ನ ನಳಿಗೆಗೆ ಹಿಡಿಸುವ ಒಂದೇ ಜೋಡಣೆಗೆ ಅಂಟಿಕೊಳ್ಳುತ್ತೀಯ. ಮೊದಲ ವರ್ಷ ಮಾತ್ರ ಅಂಗಡಿಯ ತೋಟೆಯೇ ಸಾಕು. ನಾಲ್ಕೈದು ಬಗೆ ತಂದು ಒಂದೊಂದರಲ್ಲಿ ಐದೈದು ಹೊಡೆ, ನಡುವೆ ನಳಿಗೆ ಆರಲು ಬಿಡು. ಒಂದೇ ಬಂದೂಕಿನಲ್ಲಿ ಒಂದು ಬಗೆ ಅಂಗೈಯಷ್ಟರಲ್ಲಿ ಬೀಳುತ್ತದೆ, ಇನ್ನೊಂದು ಮೊರದಗಲ ಚದುರುತ್ತದೆ. ಐದಕ್ಕೆ ಐದೂ ಊಟದ ಪೇಪರ್ ತಟ್ಟೆಯೊಳಗೆ ಎಷ್ಟು ದೂರದಿಂದ ಬೀಳುತ್ತವೋ ಅದೇ ನಿನ್ನ ಗಡಿ. ಜಿಂಕೆಯ ಶ್ವಾಸಕೋಶದ ಜಾಗ ಅಷ್ಟೇ ದೊಡ್ಡದು. ನನ್ನ ಬಂದೂಕಿನ ಗುರಿ 50 ಗಜಕ್ಕೆ ಕೂರಿಸಿದರೆ ಅದು 100 ಗಜದಲ್ಲಿ ಐದಾರು ಇಂಚು ಕೆಳಗೆ ಹೊಡೆಯುತ್ತದೆ. ನನ್ನ ಗಡಿ 75 ಗಜ. ಅದರಾಚೆ ಎಷ್ಟು ದೊಡ್ಡ ಕೊಂಬು ನಿಂತಿದ್ದರೂ ಬಂದೂಕು ಎತ್ತುವುದಿಲ್ಲ.

ಈ ರಾಜ್ಯದಲ್ಲಿ 1904ರ ಹೊತ್ತಿಗೆ ಜಿಂಕೆಯೇ ಉಳಿದಿರಲಿಲ್ಲ. ಹೊರಗಿನಿಂದ ತಂದು ಬಿಟ್ಟು, ಕಾದು, 1943ರಲ್ಲಿ ಮೂರೇ ಕೌಂಟಿಗಳಲ್ಲಿ ಮತ್ತೆ ಬೇಟೆಗೆ ಬಿಟ್ಟರು. ಇವತ್ತಿಗೂ ಇಲ್ಲಿ ವರ್ಷಕ್ಕೆ ಒಬ್ಬರಿಗೆ ಕೊಂಬಿನ ಜಿಂಕೆ ಒಂದೇ.

ಊರಿನ ವಿಚಾರ ಒಂದು ಮರೆಯುತ್ತಿದ್ದೆ. ರೇಂಜಿಗೆ ಒಯ್ದ ಚೀಲವನ್ನು ಭಾರತಕ್ಕೆ ಹೋಗುವಾಗ ಒಯ್ಯಬೇಡ. ಮೂಲೆಯಲ್ಲಿ ಒಂದು ತೋಟೆ ಉಳಿದಿದ್ದರೂ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪೊಲೀಸ್ ಕೇಸು ಆಗುತ್ತದೆ. ಅದಕ್ಕೆ ಬೇರೆ ಚೀಲವೇ ಇರಲಿ.

ಈ ತಿಂಗಳೇ ಕೋರ್ಸಿಗೆ ಹೆಸರು ಕೊಡು. ಲೈಸೆನ್ಸ್ ಕೈಗೆ ಬಂದ ದಿನ ಫೋನ್ ಮಾಡು, ರೇಂಜಿಗೆ ಹೋಗೋಣ. ಆ ಯಜಮಾನರು ಈಗಿಲ್ಲ, ಜಮೀನು ಮಗಳು ನೋಡಿಕೊಳ್ಳುತ್ತಾರೆ. ಅವರಿಗೆ ನಿನ್ನನ್ನು ಪರಿಚಯ ಮಾಡಿಸುತ್ತೇನೆ, ಅನುಮತಿ ಪತ್ರಕ್ಕೆ ನೀನೇ ಕೇಳಬೇಕು. ಬರುವಾಗ ಮನೆಯಲ್ಲಿ ಕಾಚಂಪುಳಿ (ನಿಮ್ಮ ಕೊಡಗಿನ ಹುಳಿ ರಸ) ಇದ್ದರೆ ಒಂದು ಸಣ್ಣ ಶೀಶೆ ತಾ. ಕಳೆದ ವರ್ಷದ ಮಾಂಸ ಇನ್ನೂ ಫ್ರೀಜರಿನಲ್ಲಿದೆ, ಕಾಳುಮೆಣಸು ಜಾಸ್ತಿ ಹಾಕಿ ಮಾಡೋಣ.