ನಾಲ್ಕು ತತ್ವಗಳು ಕೊನೆಗಿರಲಿ, ಹಳದೀಪುರದಿಂದ ಶುರು ಮಾಡಿ

ನೀವು ಶಿರಸಿಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೀರಿ. ಹೆಚ್ಚಿನವರು ನೀಟ್‌ಗೆ ಓದುತ್ತಿದ್ದಾರೆ. ಆಸ್ಪತ್ರೆಯಲ್ಲಿ ಎದುರಾಗುವ ಸರಿ-ತಪ್ಪಿನ ಪ್ರಶ್ನೆಗಳನ್ನು ಅವರಿಗೆ ಪರಿಚಯ ಮಾಡಿಸಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನೂ ಹೊನ್ನಾವರದ ಕಡೆ ಜೀವಶಾಸ್ತ್ರದ ಮೇಷ್ಟ್ರು. ಒಂಬತ್ತು ವರ್ಷದಿಂದ ಈ ಪಾಠ ಮಾಡುತ್ತಿದ್ದೇನೆ.

ಮೊದಲ ವರ್ಷ ಬೋರ್ಡಿನ ಮೇಲೆ ವೈದ್ಯಕೀಯ ನೀತಿಯ ನಾಲ್ಕು ತತ್ವ ಬರೆದೆ: ರೋಗಿಯ ಸ್ವಂತ ನಿರ್ಧಾರ, ಒಳ್ಳೆಯದು ಮಾಡುವುದು, ಕೆಡುಕು ಮಾಡದಿರುವುದು, ನ್ಯಾಯ. ಮಕ್ಕಳು ಚಂದದ ಅಕ್ಷರದಲ್ಲಿ ಬರೆದುಕೊಂಡರು. ಒಬ್ಬರೂ ಪ್ರಶ್ನೆ ಕೇಳಲಿಲ್ಲ. ಮರುವರ್ಷ ಹಳದೀಪುರದಿಂದ ಶುರು ಮಾಡಿದೆ.

ಕುಮಟಾದಿಂದ ಹೊನ್ನಾವರಕ್ಕೆ ಬಸ್ಸಲ್ಲಿ ಬರುವಾಗ ಹಳದೀಪುರ ಸಿಗುತ್ತದೆ. ಅರುಣಾ ಶಾನಭಾಗ ಆ ಊರಿನವರು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸದವನೊಬ್ಬ ಅವರ ಮೇಲೆ ಕ್ರೂರವಾಗಿ ಹಲ್ಲೆ ಮಾಡಿದ. ಕುತ್ತಿಗೆ ಬಿಗಿದದ್ದರಿಂದ ಮಿದುಳಿಗೆ ಆಮ್ಲಜನಕ ನಿಂತಿತು. ಆಮೇಲೆ 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ತನಗೇನು ಬೇಕು ಅಂತ ಹೇಳಲಾಗದ ಸ್ಥಿತಿಯಲ್ಲಿ ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದರು. (ಹಲ್ಲೆಯ ವಿವರಕ್ಕೆ ಜಾಸ್ತಿ ಹೋಗಬೇಡಿ. ಕ್ಲಾಸಿನಲ್ಲಿ ಯಾರ ಮನಸ್ಸಿನಲ್ಲಿ ಏನಿರುತ್ತದೋ ನಮಗೆ ಗೊತ್ತಿರುವುದಿಲ್ಲ. ಕಷ್ಟದ ವಿಷಯ ಇದೆ ಅಂತ ಮೊದಲೇ ಹೇಳಿ.)

ಇಲ್ಲಿಗೆ ನಿಲ್ಲಿಸಿ, ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಅರುಣಾಗೆ ಆಹಾರ ಕೊಡುವುದನ್ನು ನಿಲ್ಲಿಸಬಹುದೇ, ಬೇಡವೇ? ಹೆಸರು ಬರೆಯುವುದು ಬೇಡ. ನನ್ನ ಕ್ಲಾಸಿನಲ್ಲಿ ಹೆಚ್ಚಿನವರು 'ನಿಲ್ಲಿಸಬಹುದು, ಪಾಪ' ಅಂತ ಬರೆಯುತ್ತಾರೆ. ಆಮೇಲೆ ಉಳಿದದ್ದು ಹೇಳುತ್ತೇನೆ. ಆಹಾರ ನಿಲ್ಲಿಸಲು ಅನುಮತಿ ಕೇಳಿ ಸುಪ್ರೀಂ ಕೋರ್ಟಿಗೆ ಹೋದವರು ಪತ್ರಕರ್ತೆ ಪಿಂಕಿ ವಿರಾನಿ. ಬೇಡ ಅಂದವರು ಕೆಇಎಂನ ನರ್ಸ್‌ಗಳು, ಡಾಕ್ಟರುಗಳು. ಒಂದು ತಲೆಮಾರಿನ ನರ್ಸ್‌ಗಳು ನಿವೃತ್ತರಾದ ಮೇಲೆ ಮುಂದಿನವರು ಅರುಣಾರನ್ನು ನೋಡಿಕೊಂಡಿದ್ದರು. 2011ರ ಮಾರ್ಚ್ 7ರಂದು ಕೋರ್ಟು ಅರ್ಜಿ ತಳ್ಳಿಹಾಕಿತು, ಅರುಣಾ ಪರವಾಗಿ ಮಾತಾಡುವ ಹಕ್ಕು ಆಸ್ಪತ್ರೆಯವರದು ಅಂದಿತು. ಆದರೆ ಇಂಥ ಬೇರೆ ರೋಗಿಗಳಿಗೆ, ಹೈಕೋರ್ಟಿನ ಒಪ್ಪಿಗೆಯಿದ್ದರೆ ಚಿಕಿತ್ಸೆ ನಿಲ್ಲಿಸಬಹುದು ಅಂತಲೂ ಅದೇ ತೀರ್ಪು ಹೇಳಿತು.

ಈಗ ಚೀಟಿ ಬದಲಿಸಬೇಕು ಅನ್ನುವವರು ಬದಲಿಸಲಿ. ಆಗ ಕ್ಲಾಸಿನಲ್ಲಿ ನಿಜವಾದ ಮಾತು ಹುಟ್ಟುತ್ತದೆ. 'ಅವರ ಮನೆಯವರನ್ನು ಕೇಳಬೇಡವಾ?' 'ದಿನಾ ಸ್ನಾನ ಮಾಡಿಸಿದವರ ಮಾತು ದೊಡ್ಡದಲ್ವಾ?' ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿ ಕೇಳಿದಳು, 'ಸರ್, ಅರುಣಾಗೆ ಏನು ಬೇಕಿತ್ತು ಅಂತ ಯಾರಿಗೂ ಗೊತ್ತಿಲ್ಲ ಅಲ್ವಾ?' ನನ್ನ ಇಡೀ ಪಾಠ ಈ ಪ್ರಶ್ನೆಗಾಗಿಯೇ ಇದೆ. ಅದು ಮಕ್ಕಳ ಬಾಯಿಂದಲೇ ಬರಲಿ, ನೀವು ಅವಸರ ಮಾಡಬೇಡಿ. ಬಂದ ಮೇಲೆ ಸುಪ್ರೀಂ ಕೋರ್ಟಿನ 2018ರ ತೀರ್ಪಿನ ಬಗ್ಗೆ ಹೇಳಿ. ಮಾತಾಡಲಾಗದ ಸ್ಥಿತಿ ಬಂದರೆ ತನಗೆ ಎಂಥ ಚಿಕಿತ್ಸೆ ಬೇಡ ಅಂತ ವಯಸ್ಕರು ಮೊದಲೇ ಬರೆದಿಡಬಹುದು. ಅದರ ಪೇಚಿನ ವಿಧಾನವನ್ನು 2023ರಲ್ಲಿ ಕೋರ್ಟೇ ಸರಳ ಮಾಡಿತು. ನಮ್ಮ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಇದನ್ನು ಜಾರಿ ಮಾಡಲು ಸುತ್ತೋಲೆ ಹೊರಡಿಸಿತು.

ಎರಡನೆಯ ಕಥೆ ನಮ್ಮ ಮನೆಯದು. ದೊಡ್ಡಪ್ಪನಿಗೆ ಹೊಟ್ಟೆಯ ಕ್ಯಾನ್ಸರ್ ಆಗಿತ್ತು. ಡಾಕ್ಟರು ಅವರನ್ನು ಹೊರಗೆ ಕೂರಿಸಿ ನಮ್ಮನ್ನು ಒಳಗೆ ಕರೆದು ಹೇಳಿದರು. ನಾವು ದೊಡ್ಡಪ್ಪನಿಗೆ ಅಲ್ಸರ್ ಅಂದೆವು. ಅವರು ಮುಂದಿನ ಮಳೆಗಾಲಕ್ಕೆ ಅಡಿಕೆ ಸಸಿಗೆ ಹೇಳಿಟ್ಟರು. ಒಂದು ಸಂಜೆ ಜಗಲಿಯಲ್ಲಿ ನನ್ನನ್ನು ಕೇಳಿದರು, 'ತಮಾ, ನೀ ಓದಿದವ. ಎಂಗೆ ಎಂತ ಆಜು, ನೀನಾದ್ರೂ ಹೇಳು.' (ನನಗೆ ಏನಾಗಿದೆ ಅಂತ.) ನಾನೂ ಅಲ್ಸರ್ ಅಂದೆ. ಅವರು ಮತ್ತೆ ಕೇಳಲಿಲ್ಲ, ತೋಟದ ಕಡೆ ನೋಡುತ್ತಾ ಕೂತರು.

ಇಲ್ಲಿ ಮತ್ತೆ ಚೀಟಿ. ಬಹುತೇಕ ಮಕ್ಕಳು 'ಹೇಳಬಾರದು, ಧೈರ್ಯ ಕುಂದುತ್ತದೆ' ಅನ್ನುತ್ತಾರೆ. ನಮ್ಮ ಕಡೆ ಮುಚ್ಚಿಡುವುದೂ ಪ್ರೀತಿಯೇ. ಅದನ್ನು ಹಗುರ ಮಾಡಬೇಡಿ. ಆಮೇಲೆ ಇದನ್ನೂ ಹೇಳುತ್ತೇನೆ: ತೋಟದಲ್ಲಿ ಇಪ್ಪತ್ತು ವರ್ಷ ದುಡಿದವನಿಗೆ ದೊಡ್ಡಪ್ಪ ನಾಲ್ಕು ಗುಂಟೆ ಬಾಯಿಮಾತಲ್ಲಿ ಕೊಟ್ಟಿದ್ದರು. ಕಾಗದ ಮಾಡಲು ಇನ್ನೂ ಸಮಯ ಇದೆ ಅಂದುಕೊಂಡಿದ್ದರು. ಸಮಯ ಇರಲಿಲ್ಲ. ಆ ಮನುಷ್ಯನಿಗೆ ಜಾಗ ಸಿಗಲಿಲ್ಲ. ಇದು ನನಗೆ ಇವತ್ತಿಗೂ ಸಂಕಟ, ಮಕ್ಕಳ ಎದುರು ಹಾಗೆಯೇ ಹೇಳುತ್ತೇನೆ. ಒಬ್ಬ ಹುಡುಗ, 'ನಮ್ಮ ಅಜ್ಜ ತನಗೆ ಏನೂ ಹೇಳಬೇಡಿ, ಮಗನಿಗೆ ಹೇಳಿ ಅಂದಿದ್ದರು' ಎಂದ. ಅದೂ ಸರಿಯೇ, ಆ ಅಜ್ಜ ತಾವೇ ತೀರ್ಮಾನ ಮಾಡಿದ್ದರು. ನಿಮಗೆ ಎಷ್ಟು ತಿಳಿಯಬೇಕು ಅಂತ ದೊಡ್ಡಪ್ಪನನ್ನು ಯಾರೂ ಕೇಳಲೇ ಇಲ್ಲ.

ಸಂಶೋಧನೆಯ ಕಡೆ ಹೋಗಬೇಕಾದರೆ ಟಸ್ಕೀಗಿ ಸಾಕು. ಅಮೆರಿಕದ ಅಲಬಾಮಾದಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ 399 ಕಪ್ಪು ಜನರಿಗೆ ನಿಜ ಹೇಳದೆ ಸುಮ್ನೆ ಗಮನಿಸುತ್ತಾ ಹೋದರು. ನಡುವೆ ಪೆನಿಸಿಲಿನ್ ಬಂದರೂ ಕೊಡಲಿಲ್ಲ. ನಡೆಸಿದ್ದು ಸರ್ಕಾರದ್ದೇ ಆರೋಗ್ಯ ಇಲಾಖೆ. ಇದನ್ನು ಹೇಳಿ ಮಂಗನ ಕಾಯಿಲೆಗೆ (ಕಾಡಿನ ಉಣ್ಣೆ ಕಚ್ಚಿ ಬರುವ ಜ್ವರ) ಬನ್ನಿ, ಸಿದ್ದಾಪುರದ ಮಕ್ಕಳಿಗೆ ವಿವರಿಸುವುದೇ ಬೇಡ. ಹೊಸ ಲಸಿಕೆಯ ಪರೀಕ್ಷೆಗೆ ನಿಮ್ಮ ಅಜ್ಜಿಯ ಹೆಬ್ಬೆಟ್ಟು ಕೇಳಿದರೆ, ಅವರಿಗೆ ಯಾವ ಭಾಷೆಯಲ್ಲಿ, ಏನೇನು ಹೇಳಬೇಕು? ಮಕ್ಕಳೇ ಆ ಕಾಗದ ಬರೆಯಲಿ. ಹವ್ಯಕ, ಕೊಂಕಣಿ, ಯಾವುದಾದರೂ ಆದೀತು. ಮನೆಯಲ್ಲಿ ಓದಿ ಹೇಳಿ ಬರಲಿ. ಅಜ್ಜಿ ಕೇಳಿದ ಪ್ರಶ್ನೆಗಳು ನಮ್ಮ ಪ್ರಶ್ನೆಗಳಿಗಿಂತ ಚೆನ್ನಾಗಿರುತ್ತವೆ.

ನ್ಯಾಯದ ಬಗ್ಗೆ ನಮ್ಮ ಜಿಲ್ಲೆಯ ಮಕ್ಕಳಿಗೆ ಹೆಚ್ಚು ಹೇಳಬೇಕಿಲ್ಲ. ತಲೆಗೆ ಪೆಟ್ಟು ಬಿದ್ದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವಾದ ಆಸ್ಪತ್ರೆಗೇ ಓಡಬೇಕು ಅಂತ ಅವರಿಗೆ ಗೊತ್ತು. ಒಂದೇ ಆಂಬುಲೆನ್ಸ್, ಇಬ್ಬರು ರೋಗಿಗಳು, ಯಾರನ್ನು ಮೊದಲು ಕಳಿಸುತ್ತೀರಿ ಅಂತ ಕೇಳಿದರೆ ಸಾಕು.

ಎಲ್ಲಾ ಆದ ಮೇಲೆ ನಾಲ್ಕು ತತ್ವಗಳ ಹೆಸರು ಹೇಳಿ. ಹತ್ತು ನಿಮಿಷದ ಕೆಲಸ. ಹಳದೀಪುರಕ್ಕೆ ಮಾತ್ರ ಎರಡು ಪೀರಿಯಡ್ ಒಟ್ಟಿಗೆ ಇಟ್ಟುಕೊಳ್ಳಿ. ಮಧ್ಯದಲ್ಲಿ ಬೆಲ್ ಹೊಡೆದರೆ ಮಕ್ಕಳು ಮೊದಲ ಚೀಟಿಯಲ್ಲೇ ನಿಂತುಬಿಡುತ್ತಾರೆ.